ಗಂಟಕ್ಕ ಎಬ್ಬಿಸಿದ ಎಳೆ

ಗಂಟಕ್ಕನಿಗೆ ಆ ಹೆಸರು ಬಂದದ್ದು ಅವಳು ಸದಾ ಮುಖ ಗಂಟಿಕ್ಕಿಕೊಂಡಿರುತ್ತಾಳೆ ಎಂದಲ್ಲ. ಯಾರಿಗಾದರೂ ಗಂಟುಬಿದ್ದರೆ ಬಿಡುವವಳಲ್ಲ ಎಂದೂ ಅಲ್ಲ. ಗಂಟು ಹಾಕುವುದೇ ಅವಳ ಕೆಲಸವಾಗಿತ್ತು. ದೊಡ್ಡಾಸ್ಪತ್ರೆಯ ಹಿಂದುಗಡೆಯ ಸಂಶೋಧನಾ ಕಟ್ಟಡದಲ್ಲಿ, ಮೇಲಿನ ಮಹಡಿಯ ಕೊನೆಯ ಕೋಣೆಯಲ್ಲಿ ಕೂತು, ಬೆಂಕಿಕಡ್ಡಿಯಷ್ಟು ದಪ್ಪದ ಮಾಂಸದ ಎಳೆಯ ಎರಡು ತುದಿಗೂ ರೇಷ್ಮೆ ದಾರ ಕಟ್ಟಿ, ಅದನ್ನು ಗಾಜಿನ ಕೊಳವೆಯೊಳಗೆ ತೂಗುಬಿಡುವುದು ಅವಳ ದಿನಚರಿ.

ಆ ಮಾಂಸ ಹೆಣ್ಣಿನ ಗರ್ಭಕೋಶದ್ದು. ಸಿಸೇರಿಯನ್ ಮಾಡಿಸಿಕೊಳ್ಳುವ ಹೆಂಗಸು ಮೊದಲೇ ಒಪ್ಪಿಗೆ ಕೊಟ್ಟಿದ್ದರೆ, ಮಗುವನ್ನು ಹೊರತೆಗೆದ ಮೇಲೆ, ಹೊಲಿಗೆ ಹಾಕುವ ಮುನ್ನ, ಗಾಯದ ಅಂಚಿನಿಂದ ಉಗುರಿನಷ್ಟು ಚೂರು ಕತ್ತರಿಸಿ ತಣ್ಣನೆಯ ಉಪ್ಪುನೀರಿನ ಡಬ್ಬಿಯಲ್ಲಿ ಹಾಕಿ ಕಳಿಸುತ್ತಿದ್ದರು. ಅತ್ತ ಮಗು ಅಳುತ್ತಾ ವಾರ್ಡಿಗೆ ಹೋದರೆ ಇತ್ತ ಈ ಚೂರು ಸದ್ದಿಲ್ಲದೆ ಗಂಟಕ್ಕನ ಮೇಜಿಗೆ ಬರುತ್ತಿತ್ತು. ಅವಳು ಅದನ್ನು ಎಳೆಎಳೆಯಾಗಿ ಬಿಡಿಸಿ ಗಂಟು ಹಾಕುತ್ತಿದ್ದಳು. ಗಂಟು ಸಡಿಲವಾದರೆ ಎಳೆ ಜಾರಿ ಕೊಳವೆಯ ತಳ ಸೇರುತ್ತದೆ. ಬಿಗಿಯಾದರೆ ಜೀವಕೋಶಗಳು ಜಜ್ಜಿಹೋಗುತ್ತವೆ. ಅವಳ ಅಪ್ಪ ಆಟದ ಸಾಮಾನಿನ ಅಂಗಡಿಯಲ್ಲಿ ಬ್ಯಾಡ್ಮಿಂಟನ್ ರ್‍ಯಾಕೆಟ್ಟುಗಳಿಗೆ ತಂತಿ ಬಿಗಿಯುತ್ತಿದ್ದವನು. ಬಿಗಿಯಲೂ ಬೇಕು, ಮುರಿಯಲೂ ಬಾರದು ಎಂಬ ವಿದ್ಯೆ ಅವಳಿಗೆ ತವರಿನಿಂದ ಬಂದ ಒಂದೇ ಒಂದು ಒಡವೆ.

ಕೊಳವೆಯಲ್ಲಿ ಬೆಚ್ಚಗಿನ ಉಪ್ಪುನೀರು, ಅದಕ್ಕಿಷ್ಟು ಸಕ್ಕರೆ, ತಳದಿಂದ ಗುಳುಗುಳು ಆಮ್ಲಜನಕದ ಗುಳ್ಳೆ. ಹೊಟ್ಟೆ ತುಂಬಿಸಿ ಬೆಚ್ಚಗೆ ಇಟ್ಟರೆ ಎಳೆ ತಾನು ಯಾರ ಒಡಲಿನದೆಂಬುದನ್ನು ಮರೆತು, ಸ್ವಲ್ಪ ಹೊತ್ತು ತೂಗಾಡಿ, ಆಮೇಲೆ ತನ್ನಷ್ಟಕ್ಕೆ ಮುದುಡಿ ಸಡಿಲವಾಗಿ ಮತ್ತೆ ಮುದುಡತೊಡಗುತ್ತದೆ. ಮೇಲಿನ ದಾರ ಎಳೆತ ಅಳೆಯುವ ಕೊಕ್ಕೆಗೆ ಕಟ್ಟಿರುವುದರಿಂದ ಪ್ರತಿ ಸಲ ಮುದುಡಿದಾಗಲೂ ಕಂಪ್ಯೂಟರಿನ ಪರದೆಯ ಮೇಲೆ ಒಂದೊಂದು ಗುಡ್ಡ ಏಳುತ್ತದೆ. ಹೆರಿಗೆಮನೆಯಿಲ್ಲದ, ಮಗುವಿಲ್ಲದ, ಅಮ್ಮನೂ ಇಲ್ಲದ ಹೆರಿಗೆ ನೋವು ಅದು.

ಆ ಕೋಣೆಯವರೆಲ್ಲ ತಲೆ ಕೆಡಿಸಿಕೊಂಡಿದ್ದದ್ದು ಒಂದೇ ಪ್ರಶ್ನೆಗೆ: ಈ ಸ್ನಾಯುಕೋಶಗಳು ಒಂದರೊಡನೊಂದು ಹೇಗೆ ಮಾತಾಡುತ್ತವೆ? ಹೃದಯಕ್ಕಾದರೆ ಒಬ್ಬ ಮೇಸ್ತ್ರಿ ಇದ್ದಾನೆ. ಮೂಲೆಯಲ್ಲಿ ಕೂತು ತಾಳ ಹಾಕುತ್ತಾನೆ, ಉಳಿದವರು ಬಡಿಯುತ್ತಾರೆ. ಗರ್ಭಕೋಶದಲ್ಲಿ ಅಂಥ ಮೇಸ್ತ್ರಿ ಯಾರ ಕಣ್ಣಿಗೂ ಬಿದ್ದಿಲ್ಲ. ಅದು ಮಾನಿಟರ್ ಇಲ್ಲದ ತರಗತಿ. ಕಾನ್ವೆಂಟಿನಲ್ಲಿ ಓದಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಸಿಸ್ಟರ್ ಹೊರಗೆ ಕಾಲಿಟ್ಟರೆ ಬೆಂಚಿಗೊಂದು ಪಿಸುಮಾತು. ಯಾವುದೋ ಗಳಿಗೆಯಲ್ಲಿ, ಯಾರೂ ಹೇಳದೆ, ಇಡೀ ತರಗತಿ ಒಟ್ಟಿಗೆ ‘ಹೋ’ ಎನ್ನುತ್ತದೆ. ಆ ‘ಹೋ’ ಯಾವ ಬೆಂಚಿನಿಂದ ಹೊರಟಿತೆಂದು ಯಾವ ಸಿಸ್ಟರಿಗೂ ಗೊತ್ತಾದದ್ದಿಲ್ಲ. ಹೆರಿಗೆ ನೋವೂ ಅಂಥದೇ ಒಂದು ‘ಹೋ’.

ತಿಳಿದಿದ್ದದ್ದು ಇಷ್ಟು. ಪಕ್ಕಪಕ್ಕದ ಕೋಶಗಳ ನಡುವೆ ಪುಟ್ಟ ಬಾಗಿಲುಗಳಿರುತ್ತವೆ. ಅರ್ಧ ಬಾಗಿಲು ಇವರದು, ಅರ್ಧ ಅವರದು, ಎರಡೂ ಕೂಡಿದರೆ ದಾರಿ. ಬಸುರಿನ ತಿಂಗಳುಗಳಲ್ಲಿ ಬಾಗಿಲುಗಳು ತೀರಾ ಕಡಿಮೆ. ಒಬ್ಬೊಬ್ಬರೂ ಅವರವರ ಮನೆಯಲ್ಲಿ ಮಿಸುಕಾಡಿಕೊಂಡಿರುತ್ತಾರೆ, ಮಗು ನೆಮ್ಮದಿಯಾಗಿ ಬೆಳೆಯುತ್ತದೆ. ದಿನ ತುಂಬುತ್ತಾ ಬಂದಂತೆ ಗೋಡೆಗೋಡೆಗೂ ಬಾಗಿಲು ಕೂರುತ್ತವೆ. ಆಗ ಒಬ್ಬರ ಮನೆಯ ಕರೆಂಟು ಪಕ್ಕದ ಮನೆಗೆ, ಅಲ್ಲಿಂದ ಆಚೆ ಮನೆಗೆ. ಕರೆಂಟು ಹೋದಲ್ಲೆಲ್ಲ ಕ್ಯಾಲ್ಸಿಯಂ ನುಗ್ಗುತ್ತದೆ, ಕ್ಯಾಲ್ಸಿಯಂ ನುಗ್ಗಿದಲ್ಲೆಲ್ಲ ಸ್ನಾಯು ಮುದುಡುತ್ತದೆ. ಈ ಬಾಗಿಲುಗಳಿಗೆ ಇನ್ನೊಂದು ಗುಣವೂ ಇದೆ. ಒಂದು ಕೋಶ ಜಜ್ಜಿಹೋದರೆ ನೆರೆಯವರು ತಟ್ಟನೆ ಬಾಗಿಲು ಮುಚ್ಚಿಕೊಳ್ಳುತ್ತಾರೆ. ಒಬ್ಬರ ಮನೆಯ ಕೇಡು ಓಣಿಗೆಲ್ಲ ಹರಿಯಬಾರದಲ್ಲ. ಅದರಲ್ಲಿ ದ್ವೇಷವೇನಿಲ್ಲ, ಬದುಕುವ ಜಾಣತನ ಅಷ್ಟೆ.

ಆದರೆ ಬಾಗಿಲಿನಿಂದ ಬಾಗಿಲಿಗೆ ಹೋಗುವ ಸುದ್ದಿ ಹೆಚ್ಚು ದೂರ ಹೋಗದೆ ದಾರಿಯಲ್ಲೇ ಸೊರಗುತ್ತದೆ ಎಂದು ಲ್ಯಾಬಿನ ಮುಖ್ಯಸ್ಥೆ ಮೇಡಂ ನಂಬಿದ್ದರು. ಹಾಗಾದರೆ ಈ ಕಡೆಯ ಗೋಡೆ ಮುದುಡಿದ್ದು ಆ ಕಡೆಯ ಗೋಡೆಗೆ ತಿಳಿಯುವುದು ಹೇಗೆ? “ಎಳೆತದಿಂದ,” ಎನ್ನುತ್ತಿದ್ದರು ಮೇಡಂ. ಒಂದು ಭಾಗ ಮುದುಡಿದರೆ ಇನ್ನೊಂದು ಭಾಗ ಹಿಗ್ಗುತ್ತದೆ, ಹಿಗ್ಗಿದ್ದು ಸುಮ್ಮನಿರಲಾರದೆ ತಾನೂ ಮುದುಡುತ್ತದೆ. ಸಂಸಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನು ಸಾಧಿಸಿ ತೋರಿಸಲು ಒಂದು ಪ್ರಯೋಗ ಹೂಡಿದರು. ಅಕ್ಕಪಕ್ಕ ಎರಡು ತೊಟ್ಟಿ, ನಡುವೆ ಗೋಡೆ. ಈ ತೊಟ್ಟಿಯಲ್ಲಿ ಒಬ್ಬ ಹೆಂಗಸಿನ ಎಳೆ, ಆ ತೊಟ್ಟಿಯಲ್ಲಿ ಇನ್ನೊಬ್ಬಳದು. ಎರಡರ ತುದಿಗೂ ಸೇರಿಸಿ ಗೋಡೆಯ ಮೇಲಿಂದ ಒಂದೇ ರೇಷ್ಮೆ ದಾರ. ನೀರು ಬೆರೆಯುವುದಿಲ್ಲ, ಕರೆಂಟು ಹರಿಯುವುದಿಲ್ಲ, ಬಾಗಿಲಂತೂ ಇಲ್ಲವೇ ಇಲ್ಲ. ಇರುವುದು ದಾರ ಮಾತ್ರ. ಮೊದಲನೆಯದು ಮುದುಡಿ ದಾರ ಎಳೆದಾಗ ಎರಡನೆಯದು ಉತ್ತರ ಕೊಡುತ್ತದೆಯೇ? ಎರಡಕ್ಕೂ ಪರದೆಯ ಮೇಲೆ ಬೇರೆ ಬೇರೆ ಗೆರೆ. ಬರವಣಿಗೆಯಲ್ಲಿ ಈ ಪ್ರಯೋಗಕ್ಕೆ ಗಾಳಿಪಟದ ಬಾಲದಷ್ಟು ಉದ್ದದ ಹೆಸರಿತ್ತು. ಗಂಟಕ್ಕ ಮೊದಲ ದಿನವೇ ಅದಕ್ಕೊಂದು ಹೆಸರಿಟ್ಟಳು:

“ಇವೆರಡೂ ಓರಗಿತ್ತಿಯರು ಕಣ್ರೇ. ಹುಟ್ಟಿದ ಮನೆ ಬೇರೆ, ರಕ್ತ ಬೇರೆ. ಯಾರೋ ತಂದು ಒಂದೇ ದಾರಕ್ಕೆ ಕಟ್ಟಿದ್ದಾರೆ. ಇವಳು ಮುಖ ಮುದುಡಿದ್ರೆ ಅವಳಿಗೆ ಗೊತ್ತಾಗದೆ ಇರತ್ತಾ?”

ಅಂದಿನಿಂದ ಲ್ಯಾಬಿನಲ್ಲಿ ಅದು ಓರಗಿತ್ತಿ ಪ್ರಯೋಗ. ಮೇಡಂ ಕೂಡ ಮರೆತು ಒಮ್ಮೊಮ್ಮೆ ಹಾಗೆಯೇ ಅಂದುಬಿಡುತ್ತಿದ್ದರು.

ಓರಗಿತ್ತಿಯರ ವಿಷಯದಲ್ಲಿ ಗಂಟಕ್ಕನಿಗೆ ಸ್ವಂತ ಅನುಭವವಿತ್ತು. ಅವಳ ಗಂಡ ಒಂದು ಎತ್ತರದ ಕಚೇರಿ ಕಟ್ಟಡದಲ್ಲಿ ಲಿಫ್ಟ್ ಆಪರೇಟರ್. ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ಏರಿ, ಅಷ್ಟೇ ಸಲ ಇಳಿದು, ಸಂಜೆ ಹೊರಟಲ್ಲಿಗೇ ಬಂದು ನಿಲ್ಲುವ ಮನುಷ್ಯ. ಬದುಕಿನ ಏರಿಳಿತ ಅವನಷ್ಟು ಕಂಡವರಿಲ್ಲ, ಅವನಷ್ಟು ಕಡಿಮೆ ಮಾತಾಡುವವರೂ ಇಲ್ಲ. ಅವನ ಅಣ್ಣನ ಸಂಸಾರ ಅದೇ ಮನೆಯ ಮೇಲಿನ ಮಹಡಿಯಲ್ಲಿ. ಅಣ್ಣನ ಹೆಂಡತಿ, ಅಂದರೆ ಗಂಟಕ್ಕನ ಓರಗಿತ್ತಿ, ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಮನೆಯಲ್ಲೂ ಸೀಮೆಸುಣ್ಣ ಕೈಯಲ್ಲಿ ಹಿಡಿದಂತೆಯೇ ಮಾತು. ಅವಳಿಗೆ ಮೂರು ಮಕ್ಕಳು, ಗಂಟಕ್ಕನಿಗೆ ಒಂದೂ ಇಲ್ಲ. ಈ ಕಳೆಯುವ ಲೆಕ್ಕವನ್ನು ಟೀಚರ್ ಮರೆತವಳಲ್ಲ.

“ಹೆತ್ತೋಳ ನೋವು ಹೊತ್ತು ಕಳೆಯೋಳಿಗೆ ಏನು ಗೊತ್ತು?” ಎಂದು ಮೆಟ್ಟಿಲ ಮೇಲೆ ನಿಂತು, ಯಾರಿಗೆಂದಿಲ್ಲದೆ ಅನ್ನುತ್ತಿದ್ದಳು.

“ದಿನಾ ನೋಡ್ತೀನಲ್ಲ ಅಕ್ಕ, ಗುಡ್ಡ ಗುಡ್ಡವಾಗಿ ಕಾಣತ್ತೆ,” ಎಂದು ಗಂಟಕ್ಕ ಕೆಳಗಿನಿಂದ ನಗುತ್ತಿದ್ದಳು. ನಗು ಅವಳ ಉಪ್ಪುನೀರು. ಅದರಲ್ಲಿಟ್ಟರೆ ಯಾವ ಮಾತೂ ಬೇಗ ಕೆಡುವುದಿಲ್ಲ ಎಂದುಕೊಂಡಿದ್ದಳು.

ಆದರೆ ಟೀಚರ್ ತನ್ನ ಕೊನೆಯ ಮಗಳನ್ನು ಕೈಗೂಸಾಗಿದ್ದಾಗಲೇ ಕೆಳಗೆ ತಂದು ಗಂಟಕ್ಕನ ತೊಡೆಗೆ ಹಾಕಿದ್ದಳು. ಶಾಲೆಗೆ ರಜೆ ಸಿಗುವುದಿಲ್ಲ, ಮೇಲಿನೆರಡನ್ನು ಸಂಭಾಳಿಸಿ ಸಾಕಾಗಿದೆ, ನೀನು ಹೇಗೂ ಖಾಲಿ ಎಂದು. ಆಗಿನ್ನೂ ಗಂಟಕ್ಕ ಕೆಲಸಕ್ಕೆ ಸೇರಿರಲಿಲ್ಲ. ಆ ಹುಡುಗಿಯೇ ಮರಿ. ಮರಿಗೆ ಮೊದಲ ಅನ್ನ ಕಲಸಿ ಬಾಯಿಗಿಟ್ಟವಳು, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದವಳು, ಶಾಲೆಯ ಗೇಟಿನಲ್ಲಿ ಕಾದು ನಿಂತವಳು ಗಂಟಕ್ಕ. ಮಲಗುವ ಹೊತ್ತಿಗೆ ಮಾತ್ರ ಮರಿ ಮೇಲಿನ ಮನೆಯ ಮಗಳು. ದೊಡ್ಡವಳಾದ ಮೇಲೂ ಬೆಳಿಗ್ಗೆ ಮೆಟ್ಟಿಲಿಳಿಯುವಾಗ “ಚಿಕ್ಕೀ” ಎಂದು ಕೂಗಿಯೇ ಇಳಿಯುತ್ತಿದ್ದಳು. ಶಾಲೆಯ ರಜೆಯಲ್ಲಿ ಚಿಕ್ಕಮ್ಮನ ಜೊತೆ ಲ್ಯಾಬಿಗೆ ಬಂದು, ಮೂಲೆಯ ಸ್ಟೂಲಿನಲ್ಲಿ ಕೂತು ಪರದೆಯ ಗುಡ್ಡ ನೋಡುತ್ತಿದ್ದ ಮರಿ, ಓದಿ ಓದಿ ಕೊನೆಗೆ ಅದೇ ಲ್ಯಾಬಿಗೆ ಪಿಎಚ್‌ಡಿ ಮಾಡಲು ಬಂದಳು. ಓರಗಿತ್ತಿ ಪ್ರಯೋಗ ಅವಳ ಪಾಲಿಗೆ ಬಂತು. ಮರಿ ಪರದೆಯ ಮುಂದೆ, ಗಂಟಕ್ಕ ತೊಟ್ಟಿಯ ಮುಂದೆ. ಗಂಟಕ್ಕನಿಗೆ ಬದುಕಿನಲ್ಲಿ ಇನ್ನೇನೂ ಬೇಕಿರಲಿಲ್ಲ.

ಈಗ ಆ ಲ್ಯಾಬಿನ ಒಂದು ಅಭ್ಯಾಸ ಹೇಳಬೇಕು. ಕೆಲವು ಎಳೆಗಳು ಸೋಮಾರಿಗಳು. ಎಲ್ಲ ಉಪಚಾರ ಮಾಡಿದರೂ ಮಿಸುಕುವುದಿಲ್ಲ. ಆಗ ಅವುಗಳನ್ನು ಎಬ್ಬಿಸಬೇಕು. ಎಬ್ಬಿಸುವುದೆಂದರೆ ದಾರದ ಮೇಲೆ ಬೆರಳಿಟ್ಟು ಒಂದು ಸಣ್ಣ ಜಗ್ಗು. ಕೆಲಸಕ್ಕೆ ಸೇರಿದ ದಿನವೇ ಗಂಟಕ್ಕನಿಗೆ ಇದನ್ನು ಕಲಿಸಿದವರು ಮೇಡಂ. “ಮಲಗಿರೋ ಮಗೂನ ಸ್ಕೂಲಿಗೆ ಎಬ್ಬಿಸ್ತೀವಲ್ಲ, ಹಾಗೆ. ಜಾಸ್ತಿ ಬೇಡ,” ಎಂದಿದ್ದರು. ಅಲ್ಲಿ ಮೇಡಂ ಎಬ್ಬಿಸುತ್ತಿದ್ದರು, ವಿದ್ಯಾರ್ಥಿಗಳು ಎಬ್ಬಿಸುತ್ತಿದ್ದರು, ಎಲ್ಲರಿಗಿಂತ ಹಗುರವಾಗಿ ಗಂಟಕ್ಕ ಎಬ್ಬಿಸುತ್ತಿದ್ದಳು. ಅದನ್ನು ಯಾರೂ ಎಲ್ಲಿಯೂ ಬರೆದಿಡುತ್ತಿರಲಿಲ್ಲ. ಊಟಕ್ಕೆ ಮುಂಚೆ ಕೈ ತೊಳೆದದ್ದನ್ನು ಯಾರಾದರೂ ಬರೆದಿಡುತ್ತಾರೆಯೇ? ಹಳೆಯ ಪ್ರಯೋಗಗಳಲ್ಲಿ ಇದರಿಂದ ತೊಂದರೆಯೂ ಇರಲಿಲ್ಲ. ಯಾವ ಔಷಧಿಗೆ ಎಳೆ ಎಷ್ಟು ಮುದುಡುತ್ತದೆ ಎಂಬುದಷ್ಟೇ ಅಲ್ಲಿ ಲೆಕ್ಕ. ಎದ್ದ ಮೇಲಿನ ಮಾತು ಅದು.

ಓರಗಿತ್ತಿ ಪ್ರಯೋಗದಲ್ಲೂ ಎರಡನೆಯ ತೊಟ್ಟಿಯ ಎಳೆ ಎಷ್ಟೋ ಸಲ ನಿದ್ದೆ ಹೋಗುತ್ತಿತ್ತು. ಮರಿ ಪರದೆಯಿಂದ ಕಣ್ಣು ತೆಗೆಯದೆ ಹೇಳುತ್ತಿದ್ದಳು:

“ಚಿಕ್ಕೀ, ಆ ಕಡೆಯವಳು ಮಲ್ಕೊಂಡ್ಬಿಟ್ಲು. ಸ್ವಲ್ಪ ಎಬ್ಸು.”

“ಏಳಮ್ಮಾ ತಾಯಿ, ನಿನ್ನ ಓರಗಿತ್ತಿ ಆಗ್ಲೇ ಅರ್ಧ ಕೆಲಸ ಮುಗಿಸಿದ್ಲು,” ಎಂದು ಗಂಟಕ್ಕ ದಾರಕ್ಕೆ ಬೆರಳು ಮುಟ್ಟಿಸುತ್ತಿದ್ದಳು. ಎಳೆ ಏಳುತ್ತಿತ್ತು. ಎದ್ದಮೇಲೆ ಜೊತೆಯವಳೊಡನೆ ಹೆಜ್ಜೆ ಹಾಕುತ್ತಿತ್ತು. ಪರದೆಯ ಮೇಲೆ ಎರಡು ಗೆರೆಗಳೂ ಒಟ್ಟೊಟ್ಟಿಗೆ ಗುಡ್ಡ ಹತ್ತುವುದನ್ನು ನೋಡಿ ಮರಿ ಸ್ಟೂಲಿನಿಂದ ಜಿಗಿದು ಚಿಕ್ಕಮ್ಮನ ಕುತ್ತಿಗೆಗೆ ಜೋತುಬೀಳುತ್ತಿದ್ದಳು.

ಪೇಪರ್ ಅಚ್ಚಾಯಿತು. ಗಂಡ ಮರುದಿನ ಬೆಳಿಗ್ಗೆ ಅಂಗಡಿಯಿಂದ ಪೇಪರ್ ತಂದು ಮೊದಲ ಪುಟದಿಂದ ಕ್ರೀಡಾಪುಟದವರೆಗೆ ಹುಡುಕಿ, “ಎಲ್ಲೂ ಬಂದಿಲ್ವಲ್ಲ?” ಎಂದ. ಇದು ಆ ಪೇಪರ್ ಅಲ್ಲ, ವಿಜ್ಞಾನಿಗಳು ಮಾತ್ರ ಓದುವ ಪೇಪರ್ ಎಂದು ಮರಿ ವಿವರಿಸಿದಾಗ, “ಹಾಗಾದ್ರೆ ನಿಧಾನವಾಗಿ ಓದ್ತಾರೆ ಬಿಡು,” ಎಂದು ಸಮಾಧಾನಪಟ್ಟುಕೊಂಡ. ಅವರು ನಿಧಾನವಾಗಿಯೇ ಓದಿದರು. ಓದಿದ ಇನ್ನೊಂದು ಊರಿನ ಲ್ಯಾಬಿನವರು ಅದೇ ಪ್ರಯೋಗ ಮಾಡಿನೋಡಿದರು. ಅವರ ಓರಗಿತ್ತಿಯರು ಯಾವಾಗಲೋ ಒಮ್ಮೆ ಉತ್ತರ ಕೊಡುತ್ತಿದ್ದರೇ ಹೊರತು ಇಲ್ಲಿಯವರಷ್ಟು ಅನ್ಯೋನ್ಯವಾಗಿರಲಿಲ್ಲ. ನಾವೆಲ್ಲಿ ತಪ್ಪುತ್ತಿದ್ದೇವೆ, ನಿಮ್ಮಲ್ಲಿಗೇ ಬಂದು ನೋಡಬಹುದೇ ಎಂದು ಕೇಳಿದರು. ಮೇಡಂ ಹೆಮ್ಮೆಯಿಂದ ಬನ್ನಿ ಎಂದರು.

ಬಂದವರು ಬಿಳಿ ಗಡ್ಡದ, ಮೆತ್ತನೆ ಮಾತಿನ ಹಿರಿಯರು. ಒಂದು ಸ್ಟೂಲು ಹಾಕಿಸಿಕೊಂಡು, ಕೈ ಕಟ್ಟಿ, ಬೆಳಿಗ್ಗೆಯಿಂದ ತೊಟ್ಟಿಯನ್ನೇ ನೋಡುತ್ತಾ ಕೂತರು. ಗಂಟು ಹಾಕುವುದನ್ನು ನೋಡಿ, “ಎಷ್ಟು ಚೆನ್ನಾಗಿದೆ ಕೈ!” ಎಂದರು. ಗಂಟಕ್ಕನ ಮುಖ ಅರಳಿತು. ಮಧ್ಯಾಹ್ನದ ಹೊತ್ತಿಗೆ ಎರಡನೆಯ ಎಳೆ ಎಂದಿನಂತೆ ಮಲಗಿತು. ಮರಿ ಪರದೆಯ ಮುಂದೆ ಮಾತಿಲ್ಲದೆ ಕೂತಿದ್ದಳು. ಅತಿಥಿಗಳ ಮುಂದೆ ಕೂಗಿ ಹೇಳಲು ಹುಡುಗಿಗೆ ಸಂಕೋಚ ಎಂದುಕೊಂಡ ಗಂಟಕ್ಕ ತಾನೇ ಮುಂದಾಗಿ ದಾರದ ಮೇಲೆ ಬೆರಳಿಟ್ಟಳು. “ಏಳಮ್ಮಾ, ದೊಡ್ಡೋರು ಬಂದಿದ್ದಾರೆ,” ಎಂದಳು.

ಎಳೆ ಎದ್ದಿತು. ಗಡ್ಡದವರೂ ಎದ್ದರು.

“ಈಗ ಏನು ಮಾಡಿದ್ರಮ್ಮಾ?”

“ಎಬ್ಬಿಸ್ದೆ ಸರ್.”

“ಯಾವಾಗ್ಲೂ ಹೀಗೆ ಮಾಡ್ತೀರಾ?”

“ಮಲಗಿದ್ರೆ ಮಾಡ್ಲೇಬೇಕಲ್ಲ ಸರ್. ಇಲ್ಲಿ ಎಲ್ಲರೂ ಮಾಡ್ತಾರೆ.”

ಅವರು ಮರಿಯ ಕಡೆ ತಿರುಗಿದರು. ಮರಿಯ ಮುಖ ಸುಣ್ಣದ ಗೋಡೆಯಾಗಿತ್ತು. ಅವಳಿಗೆ ಆ ಗಳಿಗೆಯಲ್ಲಿ ಹೊಳೆದಿತ್ತು. ಇಡೀ ಲ್ಯಾಬಿನಲ್ಲಿ ಅಷ್ಟು ದಿನ ಒಬ್ಬರಿಗೂ ಹೊಳೆಯದೆ ಇದ್ದದ್ದು ಅದು. ಕೇಳುತ್ತಿದ್ದ ಪ್ರಶ್ನೆಯೇ ಜಗ್ಗಿದರೆ ಏಳುತ್ತದೆಯೇ ಎಂದು. ಮೊದಲ ತೊಟ್ಟಿಯ ಓರಗಿತ್ತಿ ಜಗ್ಗಬೇಕಾದ ದಾರವನ್ನು ಗಂಟಕ್ಕನ ಬೆರಳು ಜಗ್ಗುತ್ತಿತ್ತು. ಎರಡನೆಯ ಎಳೆ ಎಷ್ಟೋ ಸಲ ಉತ್ತರ ಕೊಟ್ಟದ್ದು ಗೋಡೆಯಾಚೆಯವಳಿಗಲ್ಲ, ಇವಳ ಬೆರಳಿಗೆ. ಪರೀಕ್ಷೆಗೆ ಕೂತ ಹುಡುಗಿಯ ಭುಜ ಅಲ್ಲಾಡಿಸಿ, ಅವಳು ತಲೆಯಾಡಿಸಿದ್ದನ್ನು ಉತ್ತರವೆಂದು ಬರೆದುಕೊಂಡಂತೆ.

ಗಡ್ಡದವರು ಯಾರನ್ನೂ ಬೈಯಲಿಲ್ಲ. ಚಹಾ ಕುಡಿದು, ಗಂಟಕ್ಕನಿಗೆ ನಮಸ್ಕಾರ ಹೇಳಿ ಹೋದರು. ಒಳ್ಳೆಯವರು ಹಾಗೆಯೇ. ಸ್ಫೋಟವಾಗುವಾಗ ಊರಲ್ಲಿ ಇರುವುದಿಲ್ಲ.

ಅವರು ಊರಿಗೆ ಹೋಗಿ ಬರೆದ ಪತ್ರ ತಲುಪಿದ ಮೇಲೆ ಸಂಸ್ಥೆ ವಿಚಾರಣೆಗೆ ಒಂದು ಸಮಿತಿ ನೇಮಿಸಿತು. ಅದು ಕೂರುವ ದಿನ ಬೆಳಿಗ್ಗೆ ಮರಿ ಗಂಟಕ್ಕನನ್ನು ಗಾಜಿನ ಸಾಮಾನು ತೊಳೆಯುವ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು. ಕಣ್ಣು ಊದಿಕೊಂಡಿತ್ತು.

“ಚಿಕ್ಕಿ, ಎಬ್ಸು ಅಂತ ನಾನು ಹೇಳ್ತಿದ್ದೆ ಅಂತ ಅವರ ಮುಂದೆ ಹೇಳ್ಬೇಡ. ನಾನು ಹೇಳಿದ್ದು ಅಂತ ಆದ್ರೆ ನನ್ನ ಪಿಎಚ್‌ಡಿ ಇವತ್ತಿಗೇ ಮುಗೀತು. ಬೇಕಂತಲೇ ಮೋಸ ಮಾಡಿದ್ಲು ಅಂತಾರೆ. ಎಲ್ಲೂ ಕಾಲಿಡೋಕೆ ಬಿಡಲ್ಲ. ನಿನ್ನನ್ನಾದ್ರೆ ಬೇರೆ ಕಡೆ ಹಾಕ್ತಾರೆ, ಅಷ್ಟೆ.”

“ಮೇಡಂ ಹೇಳಲ್ವಾ? ನಂಗೆ ಕಲಿಸಿದ್ದೇ ಅವರು.”

“ಮೇಡಂ ಹೇಳ್ತಾರಾ ಚಿಕ್ಕಿ?”

ಗಂಟಕ್ಕ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿದಳು. ಅದು ತೊಟ್ಟಿಕ್ಕುತ್ತಲೇ ಇತ್ತು.

“ಆಯ್ತು. ಇಲ್ಲಿಯವರು ಏನಂದ್ಕೊಂಡ್ರೂ ಪರವಾಗಿಲ್ಲ ಮರಿ. ಆದ್ರೆ ಮೇಲಿನ ಮನೇಲಿ ನಾನು ನಿನ್ನ ಓದು ಕೆಡಿಸಿದೋಳು ಅಂತ ಅನ್ನಿಸ್ಕೋಬಾರದು. ನಿಮ್ಮಮ್ಮನ ಬಾಯಲ್ಲಿ ಆ ಒಂದು ಮಾತು ನಂಗೆ ಕೇಳೋಕಾಗಲ್ಲ.”

“ಇಲ್ಲ ಚಿಕ್ಕಿ! ಮನೇಲಿ ನಾನೇ ಹೇಳ್ತೀನಿ. ಅಮ್ಮಂಗೆ, ಅಪ್ಪಂಗೆ, ಎಲ್ಲಾರಿಗೂ. ಇದೊಂದು ಮುಗೀಲಿ. ನನ್ನಾಣೆ.”

ಗಂಟಕ್ಕ ಅವಳ ಕಣ್ಣೊರೆಸಿದಳು. ಆಣೆಯನ್ನೂ ಗಂಟಿನಷ್ಟೇ ನಂಬುವವಳು ಅವಳು.

ಸಮಿತಿಯ ಮುಂದೆ ಮೇಡಂ ಮೊದಲು ಮಾತಾಡಿದರು. “ನನ್ನ ಲ್ಯಾಬಿನಲ್ಲಿ ಇಂಥ ಅಭ್ಯಾಸವೇ ಇಲ್ಲ. ನನಗೆ ನಿಜವಾಗಿಯೂ ಆಘಾತವಾಗಿದೆ,” ಎಂದರು. ಆಘಾತವಾದವರಂತೆ ಕಾಣುತ್ತಲೂ ಇದ್ದರು. ಉಳಿದ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ, ತಾವು ಯಾವತ್ತೂ ದಾರ ಮುಟ್ಟಿದವರಲ್ಲ ಎಂದರು. ನಿನ್ನೆಯವರೆಗೆ ಗಂಟಕ್ಕನ ಡಬ್ಬಿಯಿಂದ ಮಧ್ಯಾಹ್ನದ ಊಟ ಹಂಚಿಕೊಂಡ ಬೆರಳುಗಳು ಅವು. ಮರಿಯನ್ನು ಕೇಳಿದರು.

“ಹಾಗೆ ಮಾಡೋಕೆ ನೀವು ಹೇಳಿದ್ರಾ?”

“ಇಲ್ಲ ಸರ್. ನಾನು ಪರದೆ ಕಡೆ ನೋಡ್ತಿದ್ದೆ. ನನಗೆ ಗೊತ್ತೇ ಇರ್ಲಿಲ್ಲ.”

ಗಂಟಕ್ಕ ಎದ್ದು ನಿಂತಳು. “ಹೌದು ಸರ್. ನಾನೇ ಮಾಡ್ತಿದ್ದೆ. ಯಾರೂ ಹೇಳ್ಲಿಲ್ಲ.”

ಮೇಜಿನ ಸುತ್ತ ಎಲ್ಲರ ಉಸಿರೂ ಒಟ್ಟಿಗೆ ಹೊರಬಂತು. ಯಾರೂ ಸನ್ನೆ ಮಾಡಿರಲಿಲ್ಲ, ಯಾರೂ ಮೊದಲು ಶುರು ಮಾಡಿರಲಿಲ್ಲ. ಮನುಷ್ಯರೂ ಹಾಗೆ ಒಂದಾಗುತ್ತಾರೆ, ಬೇಕಾದಾಗ.

ಪೇಪರನ್ನು ವಾಪಸು ಪಡೆದರು. ತಾಂತ್ರಿಕ ಸಹಾಯಕಿಯೊಬ್ಬಳು ತಿಳಿಯದೆ ಮಾಡಿದ ತಪ್ಪಿನಿಂದ ಹೀಗಾಯಿತೆಂದು ವಿಷಾದ ಅಚ್ಚಾಯಿತು. ಹಳೆಯ ಲೆಕ್ಕವನ್ನೆಲ್ಲ ಬದಿಗಿಟ್ಟು, ಯಾರೂ ಎಬ್ಬಿಸದೆ ಎದ್ದ ಎಳೆಗಳಿಂದಷ್ಟೇ ಹೊಸದಾಗಿ ಪ್ರಯೋಗ ಮಾಡಿ ಬರೆಯಲು ಮರಿಗೆ ಅವಕಾಶ ಕೊಟ್ಟರು. ಆ ಎಳೆಗಳಲ್ಲೂ ಒಂದಿಷ್ಟು ಓರಗಿತ್ತಿಯರು ನಿಜವಾಗಿಯೇ ಒಬ್ಬರಿಗೊಬ್ಬರು ಉತ್ತರ ಕೊಟ್ಟರು. ಎಳೆತದ ವಿಷಯದಲ್ಲಿ ಮೇಡಂ ನಂಬಿದ್ದು ಪೂರ್ತಿ ಸುಳ್ಳಾಗಿರಲಿಲ್ಲ. ಗಂಟಕ್ಕನನ್ನು ಆಸ್ಪತ್ರೆಯ ಬಟ್ಟೆ ಕೋಣೆಗೆ ಹಾಕಿದರು. ಹರಿದ ಹಾಸಿಗೆ ಹೊದಿಕೆ, ದಿಂಬಿನ ಚೀಲ, ಆಪರೇಷನ್ ಗೌನುಗಳನ್ನು ಹೊಲಿಯುವ ಕೆಲಸ. ಅಲ್ಲಿ ಎಷ್ಟು ಬಿಗಿದರೂ ಯಾವುದೂ ಸಾಯುತ್ತಿರಲಿಲ್ಲ.

ಮನೆಯಲ್ಲಿ ಮರಿ ಹೇಳುತ್ತಾಳೆ ಎಂದು ಗಂಟಕ್ಕ ಕಾದಳು. ಮೊದಮೊದಲು ಮರಿಗೆ ಓದು, ಬರಹ, ಓಡಾಟ. ಬೆಳಿಗ್ಗೆ “ಚಿಕ್ಕೀ” ಎಂಬ ಕೂಗಿನ ಬದಲು ಚಪ್ಪಲಿಯ ಸದ್ದು ಮಾತ್ರ ಮೆಟ್ಟಿಲಿಳಿಯತೊಡಗಿತು. ಎದುರು ಸಿಕ್ಕರೆ, “ಚಿಕ್ಕಮ್ಮ, ಹೇಗಿದ್ದೀರಿ?” ಎಂದು ಬಸ್ ಸ್ಟಾಪಿನಲ್ಲಿ ಸಿಕ್ಕವರನ್ನು ಕೇಳಿದ ಹಾಗೆ ಕೇಳುತ್ತಿದ್ದಳು. ಟೀಚರಂತೂ ಮಾತು ಬಿಟ್ಟಿದ್ದಳು. ಒಣಹಾಕಿದ ಬಟ್ಟೆಯನ್ನು ಕೂಡ ಗಂಟಕ್ಕನದರಿಂದ ದೂರ ಸರಿಸುತ್ತಿದ್ದಳು.

“ಮರಿ ಇನ್ನೂ ಹೇಳಿಲ್ಲ ಅನ್ಸತ್ತೆ,” ಎಂದಳು ಗಂಟಕ್ಕ ಗಂಡನಿಗೆ. ಅವನೊಬ್ಬನಿಗೆ ಎಲ್ಲ ಗೊತ್ತಿತ್ತು.

“ಹೇಳ್ತಾಳೆ ಬಿಡು. ಲಿಫ್ಟು ಕೂಡ ಗುಂಡಿ ಒತ್ತಿದ ತಕ್ಷಣ ಬರಲ್ಲ.”

ಪಿಎಚ್‌ಡಿ ಒಪ್ಪಿಗೆಯಾದ ದಿನ ಸಂಜೆ ಮೇಲಿನಿಂದ ಕರೆ ಬಂತು. ಗಂಡ ಹೆಂಡತಿ ಇಬ್ಬರೂ ಹೋದರು. ಗಂಟಕ್ಕ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟಿದ್ದಳು. ಇವತ್ತು ಹೇಳುತ್ತಾಳೆ, ಎಲ್ಲರೂ ಸೇರಿದಾಗ ಹೇಳಬೇಕೆಂದೇ ಇಷ್ಟು ದಿನ ತಡೆದಿದ್ದಾಳೆ ಎಂದು ಅವಳಿಗೆ ಖಾತ್ರಿಯಾಗಿತ್ತು. ಭಾವ ಕುರ್ಚಿ ತೋರಿಸಿದರು. ಟೀಚರ್ ಸಿಹಿಯ ತಟ್ಟೆಯನ್ನು ಮೈದುನನ ಮುಂದೆ ಹಿಡಿದು, ಓರಗಿತ್ತಿಯ ಮುಂದೆ ಮೇಜಿನ ಮೇಲೆ ಇಟ್ಟಳು.

“ತಗೋ. ನೀನು ಅಷ್ಟೆಲ್ಲಾ ಮಾಡಿದ್ರೂ ನನ್ನ ಮಗಳು ಗೆದ್ದು ಬಂದ್ಲು.”

“ಏನಕ್ಕ, ನಾನೇನು ಮಾಡ್ದೆ?”

“ಏನು ಮಾಡ್ದೆ ಅಂತ ಇಡೀ ಆಸ್ಪತ್ರೆಗೆ ಗೊತ್ತು. ಕೈ ಹಾಕ್ಬಾರದ ಕಡೆ ಕೈ ಹಾಕಿ ನನ್ನ ಮಗಳ ಕೆಲಸ ಮಣ್ಣುಪಾಲು ಮಾಡಿದ್ಯಲ್ಲ. ಗೊತ್ತಿಲ್ಲದ ಮೇಲೆ ಸುಮ್ನೆ ಗಂಟು ಹಾಕ್ಕೊಂಡು ಬಿದ್ದಿರ್ಬೇಕಿತ್ತು. ಸಾಕಿದ ಮಾತ್ರಕ್ಕೆ ಮಗಳ ಓದೂ ನಿನ್ನದಾಗ್ಬಿಡತ್ತಾ?”

ಗಂಟಕ್ಕ ಮರಿಯತ್ತ ನೋಡಿದಳು. ಮರಿ ಕಿಟಕಿಯ ಪರದೆಯ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ಸುತ್ತಿ ಬಿಚ್ಚಿ, ಮತ್ತೆ ಸುತ್ತಿ, ಕೊನೆಗೆ ತಲೆಯೆತ್ತಿದಳು.

“ಬಿಡಮ್ಮ, ಪಾಪ. ಚಿಕ್ಕಮ್ಮಂಗೆ ಅದೆಲ್ಲ ಹೇಗೆ ಗೊತ್ತಾಗತ್ತೆ? ಬೇಕಂತ ಮಾಡಿದ್ದಲ್ಲ. ನಾನು ಯಾವತ್ತೋ ಕ್ಷಮಿಸಿಬಿಟ್ಟಿದ್ದೀನಿ.”

ಬೈಗುಳವನ್ನು ಗಂಟಕ್ಕ ನುಂಗುತ್ತಿದ್ದಳೇನೋ. ಈ ಕ್ಷಮೆ ಗಂಟಲಿಗಿಳಿಯಲಿಲ್ಲ.

“ಕ್ಷಮಿಸಿದ್ಯಾ? ನೀನು ನನ್ನನ್ನಾ? ಎಬ್ಸು ಚಿಕ್ಕಿ ಅಂತ ದಿನಾ ಹೇಳ್ತಿದ್ದೋಳು ನೀನಲ್ವೇನೇ? ಸಾಮಾನು ತೊಳೆಯೋ ಕೋಣೇಲಿ ಅತ್ತುಕೊಂಡು ಆಣೆ ಇಟ್ಟೋಳು ನೀನಲ್ವಾ? ಮನೇಲಿ ನಾನೇ ಹೇಳ್ತೀನಿ ಅಂದ್ಯಲ್ಲ. ಹೇಳು ಈಗ.”

ಮರಿ ಹೇಳಲಿಲ್ಲ. ಟೀಚರ್ ಹೇಳಿದಳು, ತಪ್ಪು ಲೆಕ್ಕವನ್ನು ಬೋರ್ಡಿನ ಮೇಲೆ ಹಿಡಿದ ದನಿಯಲ್ಲಿ:

“ಓಹೋ, ಈಗ ನೆನಪಾಯ್ತಾ? ಅಷ್ಟು ದೊಡ್ಡೋರು ಕೂತು ಕೇಳಿದಾಗ, ನಾನೇ ಮಾಡ್ದೆ, ಯಾರೂ ಹೇಳ್ಲಿಲ್ಲ ಅಂದೋಳು ಯಾರು? ನಿನ್ನ ಬಾಯಲ್ಲೇ ಬಂದಿದ್ದು ತಾನೆ? ಅವತ್ತು ಹೇಳಿದ್ದು ಸುಳ್ಳಾ, ಇವತ್ತು ಹೇಳ್ತಿರೋದು ಸುಳ್ಳಾ?”

ಲೆಕ್ಕ ಸರಿಯಾಗಿಯೇ ಇತ್ತು. ಅವತ್ತು ಮರಿಗಾಗಿ ಹೇಳಿದ ಒಂದೇ ಒಂದು ಸುಳ್ಳು ಈಗ ಗಂಟಕ್ಕನ ವಿರುದ್ಧ ನಿಂತ ಒಂದೇ ಒಂದು ಸಾಕ್ಷಿ. ಅವಳು ಇನ್ನೊಮ್ಮೆ ಮರಿಯ ಕಡೆ ತಿರುಗಿದಳು. ಈ ಸಲ ಕೂಗಲಿಲ್ಲ. “ಹೇಳೇ ಮರಿ,” ಎಂದಳು, ತುತ್ತು ಬೇಡವೆಂದು ಹಟ ಹಿಡಿದ ಮಗುವನ್ನು ರಮಿಸುವಂತೆ.

“ಚಿಕ್ಕಮ್ಮ, ನೀವು ತುಂಬಾ ಸುಸ್ತಾಗಿದ್ದೀರಿ. ಆ ಬಟ್ಟೆ ಕೋಣೆ ಕೆಲಸ ಬೇರೆ. ಇವತ್ತು ಬೇಡ, ಪ್ಲೀಸ್,” ಎಂದಳು ಮರಿ.

ಭಾವ ಗಂಟಲು ಕೆರೆದುಕೊಂಡರು. ಟೀಚರ್ ಬಾಗಿಲ ಕಡೆ ನೋಡಿದಳು. ಗಂಡ ಎದ್ದು ನಿಂತ. ತಿನ್ನದ ಸಿಹಿಯನ್ನು ತಟ್ಟೆಯಲ್ಲೇ ಇಟ್ಟು, “ನಡಿ, ಕೆಳಗೆ ಹೋಗೋಣ,” ಎಂದ. ಜೀವಮಾನವೆಲ್ಲ ಅವನು ಹೇಳುತ್ತಾ ಬಂದ ಮಾತು ಅದು. ಅಂದು ಮಾತ್ರ ಹೆಂಡತಿಯ ಕೈ ಹಿಡಿದುಕೊಂಡು ಹೇಳಿದ.

ಪದವಿ ಪ್ರದಾನಕ್ಕೆ ಟೀಚರ್ ಮೈದುನನನ್ನು ಕರೆದಳು. ಗಂಟಕ್ಕನನ್ನು ಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಗಂಡ ಒಲ್ಲದ ಮನಸ್ಸಿನಿಂದ ಹೊರಟ. “ಹೋಗಿ ಬನ್ನಿ, ಎತ್ತಿ ಆಡಿಸಿದ ಕೂಸು,” ಎಂದು ಅವನ ಶರಟಿಗೆ ಅವಳೇ ಇಸ್ತ್ರಿ ಮಾಡಿಕೊಟ್ಟಳು. ಅವನು ತಿರುಗಿ ಬಂದಾಗ ಆಸ್ಪತ್ರೆಯಿಂದ ತಂದಿದ್ದ ದಿಂಬಿನ ಚೀಲವೊಂದನ್ನು ಹೊಲಿಯುತ್ತಾ ಕೂತಿದ್ದಳು.

“ಹೇಗಾಯ್ತು?”

“ಚೆನ್ನಾಗಾಯ್ತು. ಅಲ್ಲೇ ಊಟ ಇಟ್ಟಿದ್ರು. ಮರಿ ಎದ್ದು ಎಲ್ಲಾರಿಗೂ ಥ್ಯಾಂಕ್ಸ್ ಹೇಳಿದ್ಲು. ಮೇಡಂಗೆ, ಅಪ್ಪ ಅಮ್ಮಂಗೆ.” ಅವನು ಬಗ್ಗಿ ಶೂಸಿನ ದಾರ ಬಿಚ್ಚಿದ. “ನಿನ್ನ ವಿಷಯಾನೂ ಹೇಳಿದ್ಲು.”

ಸೂಜಿ ನಿಂತಿತು. “ಏನಂತ?”

“ನನ್ನನ್ನ ಎತ್ತಿ ಆಡಿಸಿ ಬೆಳೆಸಿದ ಚಿಕ್ಕಮ್ಮಂಗೆ ಅಂತ. ಜನ ಚಪ್ಪಾಳೆ ತಟ್ಟಿದ್ರು.”

“ಅಷ್ಟೇನಾ?”

“ಅಷ್ಟೆ.”

ಗಂಟಕ್ಕ ದಾರವನ್ನು ಹಲ್ಲಿನಿಂದ ಕಡಿದು, ದಿಂಬಿನ ಚೀಲವನ್ನು ಮಡಿಸಿ ಪಕ್ಕಕ್ಕಿಟ್ಟಳು. “ನಿಮ್ಮದು ಊಟ ಆಗಿದೆ ಅಲ್ವಾ,” ಎಂದು ಎದ್ದಳು. “ಹಾಗಾದ್ರೆ ನನ್ನೊಬ್ಬಳಿಗೇ ಬಡಿಸಿಕೊಳ್ತೀನಿ.”